ಮೂರು ತಿಂಗಳು ಬಿಟ್ಟು ಬನ್ನಿ

ಸ್ಕ್ಯಾನ್ ರಿಪೋರ್ಟಿನ ಕೊನೆಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ರೋಗಿಯ ಸ್ಥಿತಿಯ ಜೊತೆ ತಾಳೆ ನೋಡಿ, ಬೇಕೆನಿಸಿದರೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಇಂಗ್ಲಿಷಿನಲ್ಲಿರುವ ಆ ಸಾಲನ್ನು ಬಳ್ಳಾರಿ ಬಳಿಯ ತೋರಣಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೊಬೈಲಿನ ಪಿಡಿಎಫ್‌ನಲ್ಲಿ ಓದುವವನಿಗೆ ಇಪ್ಪತ್ತನಾಲ್ಕು ವರ್ಷವಿರಬಹುದು. ಆರು ಸುತ್ತು ಕೀಮೋ ಮುಗಿದಿದೆ, ತಲೆಗೂದಲು ಮತ್ತೆ ಮೊಳೆತಿದೆ. ಅಷ್ಟರಲ್ಲಿ ಮನೆಯಿಂದ ಫೋನು: 'ಏನಂತ ರಿಪೋರ್ಟು? ಕ್ಲಿಯರ್ ಐತೇನು?' ಐತಿ ಅನ್ನಲು ಬರುವುದಿಲ್ಲ, ಇಲ್ಲ ಅನ್ನಲೂ ಬರುವುದಿಲ್ಲ.

ಕ್ಯಾನ್ಸರಿನ ಬಗ್ಗೆ ಕನ್ನಡದಲ್ಲಿ ನಾವು ಓದುವುದು ಹೆಚ್ಚಾಗಿ ಎರಡು ಬಗೆಯ ಬರಹ. ಗೆದ್ದವರದು ಒಂದು, ಮುಂಜಾಗ್ರತೆಯದು ಇನ್ನೊಂದು. ಇವೆರಡರ ನಡುವೆ ತಿಂಗಳುಗಟ್ಟಲೆ ನಿಂತಿರುವವರ ಕುರಿತು ಬರಹ ಕಡಿಮೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 15ರಿಂದ 39 ವರ್ಷದವರನ್ನು ಒಂದು ಪ್ರತ್ಯೇಕ ಗುಂಪಾಗಿ ಎಣಿಸುತ್ತದೆ. ಮಕ್ಕಳ ವಾರ್ಡಿಗೂ ಸೇರದ, ಮುದುಕರ ಸಾಲಿಗೂ ಸೇರದ ಈ ವಯಸ್ಸಿನವರಿಗೆ ಚಿಕಿತ್ಸೆಯ ಸುಧಾರಣೆ ತಕ್ಕಷ್ಟು ತಲುಪಿಲ್ಲವೆಂದು 2006ರಲ್ಲಿ ಅಲ್ಲಿನ ತಜ್ಞರ ವರದಿಯೊಂದು ಎಚ್ಚರಿಸಿತು. ಇವರಿಗೆ ಬರುವ ಕಾಯಿಲೆಗಳ ಬಗೆಯೂ ಬೇರೆ: ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್), ರಕ್ತದ ಕ್ಯಾನ್ಸರ್, ವೃಷಣದ ಗಡ್ಡೆ, ಮೂಳೆಯ ಸಾರ್ಕೋಮಾ, ಥೈರಾಯ್ಡ್, ಚಿಕ್ಕ ವಯಸ್ಸಿನಲ್ಲೇ ಬರುವ ಸ್ತನ ಕ್ಯಾನ್ಸರ್. ಇವುಗಳಲ್ಲಿ ಹಲವು ಗುಣವಾಗುವಂಥವು. ಗುಣವಾಗುವಂಥವಾದ್ದರಿಂದಲೇ ಪರೀಕ್ಷೆಗಳೂ ಹೆಚ್ಚು, ಅರ್ಧಂಬರ್ಧ ಉತ್ತರಗಳೂ ಹೆಚ್ಚು.

ಬಳ್ಳಾರಿ ಭಾಗದ ಜನಕ್ಕೆ ಅಸ್ಪಷ್ಟ ಮಾತು ಹೊಸದಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಒಂದೇ ಒಂದು ವಾಕ್ಯ. ಮಳೆಯೋ ಬೆಳೆಯೋ ಸರ್ಕಾರವೋ, ಯಾವುದರ ಬಗ್ಗೆ ಹೇಳಿದ್ದು ಎಂದು ಊರೂರಲ್ಲಿ ವರ್ಷವಿಡೀ ಅರ್ಥ ಹಚ್ಚುತ್ತಾರೆ. ಸ್ಕ್ಯಾನ್ ರಿಪೋರ್ಟಿಗೂ ನಾವು ಹೀಗೇ ಅರ್ಥ ಹಚ್ಚುತ್ತೇವೆ. ಮೆಡಿಕಲ್ ಶಾಪಿನವನು ಒಂದು ಅರ್ಥ ಹೇಳುತ್ತಾನೆ, ನರ್ಸಿಂಗ್ ಓದುವ ಅಕ್ಕನ ಮಗಳು ಇನ್ನೊಂದು, ಗೂಗಲ್ ಮೂರನೆಯದು. ಆದರೆ ಗೊರವಯ್ಯನನ್ನು ಮರುದಿನ ಹುಡುಕಿಕೊಂಡು ಹೋಗಿ 'ನೀನು ಹೇಳಿದ್ದೇನು?' ಎಂದು ಕೇಳಲು ಬರುವುದಿಲ್ಲ. ರೇಡಿಯಾಲಜಿಸ್ಟನನ್ನು ಕೇಳಬಹುದು, ಕೇಳಬೇಕು. ಅವನು ಬರೆದದ್ದು ಭವಿಷ್ಯವಲ್ಲ, ಅಳತೆ. ಪ್ರತಿ ಅಳತೆಗೂ ಒಂದು ಮಿತಿಯಿರುತ್ತದೆ.

ಆ ಮಿತಿ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹಲವು ಸಲ ಅದು ಯೌವನದಿಂದಲೇ ಬರುತ್ತದೆ.

ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ವಯಸ್ಸಾದಂತೆ ಅದು ಕರಗಿ ಕೊಬ್ಬಾಗುತ್ತದೆ. ಮಕ್ಕಳಲ್ಲೂ ಹರೆಯದವರಲ್ಲೂ ಇನ್ನೂ ಜೀವಂತ. ಕೀಮೋ ಕೊಟ್ಟಾಗ ಅದು ಕುಗ್ಗುತ್ತದೆ, ಮುಗಿದು ಕೆಲವು ತಿಂಗಳಾದ ಮೇಲೆ ಮತ್ತೆ ಬೆಳೆಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಸಕ್ಕರೆ ಹೆಚ್ಚು ಸುಡುವ ಜಾಗಗಳು ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತವೆ, ಇದೂ ಹಾಗೇ ಹೊಳೆಯುತ್ತದೆ. ಹಾಡ್ಜ್‌ಕಿನ್ ಲಿಂಫೋಮಾ ಮೊದಲು ಕಾಣಿಸಿಕೊಂಡಿದ್ದ ಜಾಗವೂ ಬಹಳ ಸಲ ಅದೇ. ಅಂದರೆ ದೇಹ ಚೇತರಿಸಿಕೊಳ್ಳುತ್ತಿರುವ ಲಕ್ಷಣವೇ ಕಾಯಿಲೆ ಮರಳಿದಂತೆ ತೋರುತ್ತದೆ. ಅರವತ್ತರ ರೋಗಿಗೆ ಈ ಫಜೀತಿ ಬಹುಮಟ್ಟಿಗೆ ಇಲ್ಲ.

ಕತ್ತು, ಭುಜಗಳಲ್ಲಿರುವ ಕಂದು ಕೊಬ್ಬು ಇನ್ನೊಂದು. ಮೈ ಬೆಚ್ಚಗಿಡಲು ಸಕ್ಕರೆ ಸುಡುವ ಈ ಕೊಬ್ಬು ಹರೆಯದವರಲ್ಲಿ, ಅದರಲ್ಲೂ ತೆಳ್ಳಗಿನ ಹುಡುಗಿಯರಲ್ಲಿ, ಹೆಚ್ಚು ಚುರುಕು. ಚಳಿಯಾದರೆ ಕೆಲಸ ಶುರು. ಬಳ್ಳಾರಿ ಬಿಸಿಲಿನಿಂದ ಹೋದವರನ್ನೂ ಸ್ಕ್ಯಾನ್ ಸೆಂಟರಿನ ಏಸಿ ಕೋಣೆ ನಡುಗಿಸುತ್ತದೆ. ಚುಚ್ಚುಮದ್ದು ಹಾಕಿ ಕೂರಿಸಿದಾಗ ಒಂದು ಕಂಬಳಿ ಕೇಳಿ ಹೊದ್ದುಕೊಳ್ಳುವುದರಿಂದ ಚಿತ್ರ ತಿಳಿಯಾಗುವ ಸಾಧ್ಯತೆಯಿದೆ ಎಂದು ಎಷ್ಟು ಜನಕ್ಕೆ ಗೊತ್ತು? ಬಿಳಿ ರಕ್ತಕಣ ಏರಿಸಲು ಕೊಡುವ ಇಂಜೆಕ್ಷನ್ನಿನಿಂದ ಮೂಳೆಯ ಮಜ್ಜೆಯೆಲ್ಲ ಹೊಳೆಯುತ್ತದೆ. ಮುಟ್ಟಾಗುವ ವಯಸ್ಸಿನ ಹೆಣ್ಣಿನ ಅಂಡಾಶಯ, ಗರ್ಭಕೋಶದ ಒಳಪದರ ತಿಂಗಳ ಕೆಲವು ದಿನಗಳಲ್ಲಿ ಸಹಜವಾಗಿಯೇ ಹೊಳೆಯುತ್ತವೆ. ಚಿಕ್ಕ ವಯಸ್ಸಿನವರ ಸ್ತನ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂ ಓದುವುದೇ ಕಷ್ಟ. ಅಲ್ಲಿ 'ಇನ್ನೊಂದು ಪರೀಕ್ಷೆ ಬೇಕು' ಎಂಬುದಕ್ಕೆ ಸೊನ್ನೆ, 'ಬಹುಶಃ ತೊಂದರೆಯಿಲ್ಲ, ಆರು ತಿಂಗಳಿಗೆ ನೋಡೋಣ' ಎಂಬುದಕ್ಕೆ ಮೂರು ಎಂದು ಅಂಕಗಳನ್ನೇ ಇಟ್ಟಿದ್ದಾರೆ. ಆ ಮೂರನೆಯ ವರ್ಗದಲ್ಲಿ ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಎರಡನ್ನು ಮೀರಬಾರದೆಂಬುದು ನಿಯಮ.

ಇನ್ನು ಊರಿನ ಪಾಲು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಭಾರತದಲ್ಲಿದ್ದಾರೆ. ಕ್ಷಯದ ಗಂಟೂ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ. ಕತ್ತಿನಲ್ಲಿ ಗಂಟು, ಸಂಜೆ ಜ್ವರ, ಇಳಿದ ತೂಕ: ಇಷ್ಟು ನೋಡಿ ಟಿಬಿ ಮಾತ್ರೆ ಶುರು ಮಾಡಿ, ತಿಂಗಳುಗಳ ಮೇಲೆ ಅದು ಲಿಂಫೋಮಾ ಎಂದು ತಿಳಿದ ಪ್ರಸಂಗಗಳು ನಮ್ಮ ದೇಶದಲ್ಲಿ ಸಾಮಾನ್ಯ. ಲಿಂಫೋಮಾ ಗುಣವಾದ ಮೇಲೆ ಕಾಣಿಸಿದ ಹೊಸ ಗಂಟು ಬರೀ ಟಿಬಿಯಾಗಿದ್ದ ಪ್ರಸಂಗಗಳೂ ಇವೆ. ಸಂಡೂರು ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಜೊತೆ ಸಿಲಿಕಾ ತುಂಬಿದ ಕಲ್ಲಿನ ಪದರಗಳೂ ಇವೆ. ಡ್ರಿಲ್ಲಿಂಗ್, ಕ್ರಷರ್ ಕೆಲಸದಲ್ಲಿ ವರ್ಷಗಟ್ಟಲೆ ಆ ಧೂಳು ಕುಡಿದವರ ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಂಟುಗಳಾಗಬಹುದು, ಎದೆಯ ನಡುವಿನ ಗ್ರಂಥಿಗಳು ದಪ್ಪವಾಗಬಹುದು. ಇವೂ ಹೊಳೆಯುತ್ತವೆ. ಬೆಂಗಳೂರಿನ ರೇಡಿಯಾಲಜಿಸ್ಟನಿಗೆ ಎದುರಿಗಿರುವವನು ಸಂಡೂರಿನವನು, ಗಣಿಯಲ್ಲಿ ದುಡಿದವನು ಎಂಬುದು ಹೇಗೆ ತಿಳಿಯಬೇಕು? ಸ್ಕ್ಯಾನಿಗೆ ಬರೆಯುವ ಚೀಟಿಯಲ್ಲಿ ರೋಗಿಯ ಪೂರ್ವವೃತ್ತಾಂತಕ್ಕೆಂದು ಎರಡು ಗೆರೆ ಜಾಗ ಬಿಟ್ಟಿರುತ್ತಾರೆ. ಬಹಳ ಸಲ ಅಲ್ಲಿ ಕಾಯಿಲೆಯ ಹೆಸರೊಂದೇ ಇರುತ್ತದೆ. ಮಾಡುವ ಕೆಲಸ, ಹಿಂದೆ ಟಿಬಿ ಆಗಿತ್ತೇ, ಕೊನೆಯ ಕೀಮೋ ಯಾವ ತಾರೀಖು, ಕಣ ಏರಿಸುವ ಇಂಜೆಕ್ಷನ್ ಯಾವಾಗ, ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದಾರೆಯೇ (2021ರಲ್ಲಿ ಕೋವಿಡ್ ಲಸಿಕೆಯಿಂದ ಕಂಕುಳ ಗ್ರಂಥಿ ದಪ್ಪವಾಗಿ ಎಷ್ಟೋ ರಿಪೋರ್ಟುಗಳು ಗೊಂದಲವಾಗಿದ್ದವು). ಈ ಐದು ಸಂಗತಿ ಬರೆದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಕೆಲವು ಖಂಡಿತ ಕರಗುತ್ತವೆ.

ಲಿಂಫೋಮಾ ತಜ್ಞರು 2009ರಲ್ಲಿ ಫ್ರಾನ್ಸಿನ ಡೋವಿಲ್ ಎಂಬ ಊರಿನಲ್ಲಿ ಸೇರಿ ಪೆಟ್ ಸ್ಕ್ಯಾನನ್ನು ಓದಲು ಒಂದರಿಂದ ಐದರವರೆಗಿನ ಅಂಕ ಗೊತ್ತುಮಾಡಿದರು. ಅಳತೆಗೋಲು ರೋಗಿಯದೇ ಯಕೃತ್ತು. ಗಂಟಿನ ಹೊಳಪು ಯಕೃತ್ತಿನ ಹೊಳಪನ್ನು ಮೀರದಿದ್ದರೆ ಮೂರರೊಳಗೆ, ಅಂದರೆ ಸಮಾಧಾನ. ಮೀರಿದರೆ ನಾಲ್ಕು ಅಥವಾ ಐದು. ಮೂರಕ್ಕೂ ನಾಲ್ಕಕ್ಕೂ ನಡುವಿನ ಗೆರೆಯ ಮೇಲೆ ನಿಂತ ಗಂಟನ್ನು ಇಬ್ಬರು ನುರಿತ ವೈದ್ಯರು ಎರಡು ಬಗೆಯಾಗಿ ಓದಬಹುದು. ಅದು ಯಾರ ತಪ್ಪೂ ಅಲ್ಲ. ಕೀಮೋ ಮುಗಿದು ಆರೆಂಟು ವಾರ, ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿದ್ದರೆ ಸುಮಾರು ಮೂರು ತಿಂಗಳು ಕಾದು ಸ್ಕ್ಯಾನ್ ಮಾಡಬೇಕು ಎನ್ನುವುದು ಇದಕ್ಕೇ. ಸುಟ್ಟ ಅಂಗಾಂಶದ ಉರಿಯೂತ ಆರಬೇಕು. ಬೇಗ ನೋಡಿದರೆ ಉರಿಯೂತವೇ ಕಾಣುತ್ತದೆ. 'ಮೂರು ತಿಂಗಳು ಬಿಟ್ಟು ಬನ್ನಿ' ಎಂಬ ಮಾತು ವೈದ್ಯರು ಕೈಚೆಲ್ಲಿದ್ದಲ್ಲ, ಬಹಳ ಸಲ ಅದೇ ಸರಿಯಾದ ಚಿಕಿತ್ಸೆ. ಗಂಟಿನ ಗಾತ್ರ 11 ಮಿಲಿಮೀಟರಿನಿಂದ 13ಕ್ಕೆ ಏರಿತೆಂದು ನಿದ್ದೆಗೆಟ್ಟವರಿಗೂ ಒಂದು ಮಾತು: ಗಟ್ಟಿ ಗಡ್ಡೆಗಳ ಅಳತೆಗೆ ಜಗತ್ತಿನಾದ್ಯಂತ ಬಳಸುವ ನಿಯಮದಲ್ಲಿ ಅಳೆದ ಗಂಟುಗಳ ಒಟ್ಟು ಮೊತ್ತ ನೂರಕ್ಕೆ ಇಪ್ಪತ್ತರಷ್ಟು, ಜೊತೆಗೆ ಕನಿಷ್ಠ 5 ಮಿಲಿಮೀಟರ್ ಬೆಳೆದರಷ್ಟೇ 'ಬೆಳೆಯಿತು' ಎನ್ನುವುದು. ಎರಡು ಮಿಲಿಮೀಟರ್ ವ್ಯತ್ಯಾಸ ಬೇರೆ ಮಷೀನಿನಿಂದ, ಉಸಿರು ಬೇರೆ ಬಗೆಯಾಗಿ ಹಿಡಿದುದರಿಂದಲೂ ಬರುತ್ತದೆ. ಹಾಗಾಗಿ ಸಾಧ್ಯವಾದಷ್ಟೂ ಒಂದೇ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸುವುದು, ಹಳೆಯ ಸಿಡಿಯನ್ನು ಒಯ್ಯುವುದು ಜಾಣತನ.

ಕೆಲವು ಅನುಮಾನಗಳನ್ನು ಯಾವ ಸ್ಕ್ಯಾನೂ ಬಿಡಿಸಲಾರದು. ವೃಷಣದ ಗಡ್ಡೆಗಳಲ್ಲಿ ಒಂದು ಬಗೆಗೆ ಕೀಮೋ ಕೊಟ್ಟ ಮೇಲೆ ಹೊಟ್ಟೆಯ ಹಿಂಭಾಗದಲ್ಲಿ ಗಂಟು ಉಳಿದರೆ, ಅರ್ಧದಷ್ಟು ಮಂದಿಯಲ್ಲಿ ಅದು ಬರೀ ಸತ್ತ ಅಂಗಾಂಶ. ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಜೀವಂತ ಕ್ಯಾನ್ಸರ್. ಉಳಿದವರಲ್ಲಿ ಟೆರಟೋಮಾ, ಈಗ ಸುಮ್ಮನಿದ್ದರೂ ಮುಂದೆ ಬೆಳೆಯಬಲ್ಲದ್ದು. ಯಾವುದೆಂದು ತಿಳಿಯಲು ತೆಗೆದೇ ನೋಡಬೇಕು. ಈ ಜಾತಿಯ ಗಡ್ಡೆಗಳಿಗೆ 1974ರಲ್ಲಿ ಅಮೆರಿಕದ ಇಂಡಿಯಾನಾದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಸೇರಿಸಿ ಕೊಟ್ಟ ಕೀಮೋ ದಿಕ್ಕನ್ನೇ ಬದಲಿಸಿತು. ಎದೆಯಲ್ಲಿ ಇಂಥದೇ ಗಡ್ಡೆಯಾಗಿ 2012ರಲ್ಲಿ ಕ್ರಿಕೆಟಿಗ ಯುವರಾಜ್ ಸಿಂಗ್ ಇಂಡಿಯಾನಾಪೊಲಿಸ್‌ನಲ್ಲಿ ಚಿಕಿತ್ಸೆ ಪಡೆದರು, ಅದೇ ಸೆಪ್ಟೆಂಬರಿನಲ್ಲಿ ಭಾರತ ತಂಡಕ್ಕೆ ಮರಳಿದರು. ಮೂವತ್ತರ ಆ ಆಟಗಾರ ಮರಳಿ ಮೈದಾನಕ್ಕಿಳಿದ ದಿನ ಎಲ್ಲರಿಗೂ ನೆನಪಿದೆ. ಆಮೇಲಿನ ಒಂದೊಂದು ಸ್ಕ್ಯಾನಿಗೂ ಟಿವಿ ಕ್ಯಾಮೆರಾ ಹೋಗಲಿಲ್ಲ.

ರಕ್ತದ ಕ್ಯಾನ್ಸರಿನಲ್ಲಿ ಅನುಮಾನ ಅಂಕಿಯ ರೂಪದಲ್ಲಿ ಬರುತ್ತದೆ. ಸಿಎಂಎಲ್ ಎಂಬ ಬಗೆ ನಮ್ಮ ದೇಶದಲ್ಲಿ ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ. ದಿನಕ್ಕೊಂದು ಇಮ್ಯಾಟಿನಿಬ್ ಮಾತ್ರೆ ನುಂಗುತ್ತ ಗಾರೆ ಕೆಲಸಕ್ಕೂ ಕಾಲೇಜಿಗೂ ಹೋಗುವವರು ಇದ್ದಾರೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದು ಈ ಮಾತ್ರೆಯ ವಿಷಯದಲ್ಲೇ. ಮಾತ್ರೆ ಅಗ್ಗವಾಗಿ ಉಳಿಯಿತು. ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಪಿಸಿಆರ್ ಪರೀಕ್ಷೆ ಅಷ್ಟು ಅಗ್ಗವಲ್ಲ. ಅದರಲ್ಲಿ ರಕ್ತದಲ್ಲಿ ಉಳಿದ ಕಾಯಿಲೆಯ ಅಂಶ ಶೇಕಡಾ 0.1ಕ್ಕಿಂತ ಕೆಳಗಿದ್ದರೆ ಒಳ್ಳೆಯ ಫಲ. ಈ ಸಲ 0.08, ಮುಂದಿನ ಸಲ 0.12 ಬಂದರೆ? ಗೆರೆ ದಾಟಿತೆಂದು ಎದೆ ಒಡೆಯುತ್ತದೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಅದೇ ರಕ್ತವನ್ನು ಎರಡು ಸಲ ಅಳೆದರೂ ಇಷ್ಟು ಏರುಪೇರು ಬರಬಹುದು. ಲ್ಯಾಬ್ ಬದಲಾದರೆ ಇನ್ನೂ ಹೆಚ್ಚು. ವೈದ್ಯರು ಮೊದಲು ಕೇಳುವ ಪ್ರಶ್ನೆ 'ಮಾತ್ರೆ ತಪ್ಪಿಸಿದಿರಾ?' ಎಂದು. ಅದಕ್ಕೆ ನಿಜ ಹೇಳುವುದು ಹತ್ತು ಪರೀಕ್ಷೆಗೆ ಸಮ.

ತುಂಡು ತೆಗೆದು ಕಳಿಸುವ ಪರೀಕ್ಷೆಯಲ್ಲಿನ ಅಸ್ಪಷ್ಟತೆಗೆ ಕಾರಣ ಕೆಲವೊಮ್ಮೆ ಬಹಳ ಸಣ್ಣದು. ಸೂಜಿ ಚುಚ್ಚಿ ತೆಗೆದ ಕೆಲವು ಕೋಶಗಳಿಂದ ಲಿಂಫೋಮಾದ ಬಗೆ ಹೇಳುವುದು ಕಷ್ಟ, ಇಡೀ ಗಂಟೇ ಬೇಕು. ಆ ಗಂಟನ್ನು ಫಾರ್ಮಲಿನ್ನಿನಲ್ಲಿ ಹಾಕಬೇಕು. ಸಣ್ಣ ನರ್ಸಿಂಗ್ ಹೋಮಿನಲ್ಲಿ ಗಡಿಬಿಡಿಗೆ ಸಲೈನ್ ಬಾಟಲಿಯಲ್ಲಿ ಹಾಕಿ ಕೈಗೆ ಕೊಟ್ಟರೆ ಲ್ಯಾಬ್ ಮುಟ್ಟುವಷ್ಟರಲ್ಲಿ ಅದು ಕೆಟ್ಟಿರುತ್ತದೆ. ರಿಪೋರ್ಟಿನಲ್ಲಿ ಬರುವುದು 'ನಿರ್ಣಯಕ್ಕೆ ಬರಲಾಗದು'. ಥೈರಾಯ್ಡಿನ ಸೂಜಿ ಪರೀಕ್ಷೆಗಂತೂ ಬೆಥೆಸ್ಡಾ ಎಂಬ ಆರು ವರ್ಗಗಳ ಪಟ್ಟಿಯೇ ಇದೆ. ಅದರಲ್ಲಿ ಮೂರನೆಯದು ಅಧಿಕೃತವಾಗಿಯೇ 'ಅರ್ಥ ಖಚಿತವಿಲ್ಲ'. ಇಂಥ ಕಡೆ ನೆನಪಿಡಬೇಕಾದ್ದು ಮೇಣದ ಬ್ಲಾಕು. ತುಂಡನ್ನು ಮೇಣದಲ್ಲಿ ಕೂರಿಸಿ ಇಡುವ ಆ ಸಣ್ಣ ಬಿಲ್ಲೆ ವರ್ಷಗಟ್ಟಲೆ ಕೆಡುವುದಿಲ್ಲ. ಹೊಸಪೇಟೆಯಲ್ಲಿ ಮಾಡಿಸಿದ್ದನ್ನು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಮತ್ತೆ ನೋಡಿಸಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಬಿಲ್ಲಿನಷ್ಟೇ ಜೋಪಾನವಾಗಿ ಅದನ್ನು ಕೇಳಿ ಪಡೆಯಬೇಕು.

ಈಚೆಗೆ ಸೇರಿಕೊಂಡ ಹೊಸ ಕಾಟ ವಂಶವಾಹಿ ಪರೀಕ್ಷೆಯದು. ಮೂವತ್ತರ ಹೆಣ್ಣಿಗೆ ಸ್ತನ ಕ್ಯಾನ್ಸರ್ ಆದರೆ 1994, 95ರಲ್ಲಿ ಪತ್ತೆಯಾದ ಬಿಆರ್‌ಸಿಎ ಜೀನ್‌ಗಳನ್ನು ನೋಡುವುದು ಇಂದಿನ ಪದ್ಧತಿ. ಉತ್ತರ 'ಇದೆ', 'ಇಲ್ಲ' ಎಂದಲ್ಲದೆ 'ಬದಲಾವಣೆಯೊಂದು ಕಂಡಿದೆ, ಅದರ ಅರ್ಥ ತಿಳಿಯದು' ಎಂದೂ ಬರಬಹುದು. ಹೋಲಿಸಿ ನೋಡಲು ಇಟ್ಟುಕೊಂಡ ಮಾಹಿತಿ ಬಹುಪಾಲು ಯುರೋಪ್ ಮೂಲದವರದು. ನಮ್ಮ ಜನರ ಜೀನುಗಳಲ್ಲಿ ಅವರಿಗೆ ಅಪರಿಚಿತವಾದದ್ದು ಹೆಚ್ಚು ಸಿಗುವುದು ಸಹಜ. ಇಂಥವುಗಳಲ್ಲಿ ಬಹುತೇಕ ಮುಂದೆ ನಿರಪಾಯವೆಂದೇ ತೀರ್ಮಾನವಾಗುತ್ತವೆ. ವೈದ್ಯರ ನಿಯಮವೂ ಸ್ಪಷ್ಟ: ಆ ಫಲವನ್ನು ಹಿಡಿದು ಯಾವ ಅಂಗವನ್ನೂ ತೆಗೆಯಬಾರದು, ಅಕ್ಕತಂಗಿಯರ ಹಣೆಬರಹ ಬರೆಯಬಾರದು. ಆದರೆ ಸೋದರಮಾವನ ಮನೆಗೋ ಅತ್ತೆಯ ಮಗನಿಗೋ ಕೊಟ್ಟು ತರುವ ನಮ್ಮ ಕಡೆಯ ಕುಟುಂಬದಲ್ಲಿ 'ಜೀನಿನಲ್ಲಿ ಏನೋ ಐತಂತೆ' ಎಂಬ ಒಂದು ಪಿಸುಮಾತು ಎಷ್ಟು ಮನೆ ಸುತ್ತುತ್ತದೆ ಎಂಬುದು ಯಾವ ನಿಯಮಾವಳಿಯಲ್ಲೂ ಇಲ್ಲ.

ಇಷ್ಟು ಹೊತ್ತು ಪರೀಕ್ಷೆಯ ಮಾತಾಯಿತು. ಈಗ ಅದನ್ನು ಓದುವವರ ಕಡೆ ಬರೋಣ. ನಮ್ಮ ದೇಶದಲ್ಲಿ ವೈದ್ಯರು ಮಾತಾಡುವುದು ರೋಗಿಯ ಜೊತೆಗಲ್ಲ, ಜೊತೆಗೆ ಬಂದ ಹಿರಿಯರ ಜೊತೆ. ಅಪ್ಪನಿಗೆ ಹೇಳಿ ಮಗನಿಗೆ ಮುಚ್ಚಿಡುತ್ತಾರೆ ಎಂದು ಬಹಳ ಕಾಲದಿಂದ ಬರೆಯುತ್ತ ಬಂದಿದ್ದೇವೆ. ತೋರಣಗಲ್ಲು, ಕಂಪ್ಲಿ, ಸಂಡೂರಿನ ಮನೆಗಳಲ್ಲಿ ಇಂದು ಅದು ತಿರುಗಿ ನಿಂತಿದೆ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ಐಟಿಐ ಅಥವಾ ಡಿಗ್ರಿ ಮಾಡಿದ ಹುಡುಗನೊಬ್ಬನೇ, ರೋಗಿಯೂ ಅವನೇ. ರಿಪೋರ್ಟ್ ಬರುವುದು ಅವನ ವಾಟ್ಸಾಪಿಗೆ, ವೈದ್ಯರು ನೋಡುವ ಮೊದಲೇ. ಓದಿ, ಅರ್ಥ ಮಾಡಿಕೊಂಡು, ಅವ್ವನಿಗೆ ಎಷ್ಟು ಹೇಳಬೇಕು ಎಂದು ತೀರ್ಮಾನಿಸುವವನೂ ಅವನೇ. 'ಎಲ್ಲಾ ಚಲೋ ಐತವ್ವ, ಮತ್ತೊಂದ್ಸಲ ನೋಡ್ಬೇಕಂತ' ಎಂದು ಹೇಳಿ ಟೆರೇಸಿಗೆ ಹೋಗಿ ಗೂಗಲ್ ತೆರೆಯುತ್ತಾನೆ. ಕಾಯಿಲೆಯ ಜೊತೆಗೆ ಮನೆಯವರನ್ನು ಕಾಪಾಡುವ ಹೊಣೆಯನ್ನೂ ಹೊತ್ತ ಈ ಒಂಟಿತನವನ್ನು ಆಸ್ಪತ್ರೆಗಳು ಇನ್ನೂ ಗುರುತಿಸಿಲ್ಲ. ರಿಪೋರ್ಟನ್ನು ಕನ್ನಡದಲ್ಲಿ, ಮನೆಯವರನ್ನೂ ಕೂರಿಸಿಕೊಂಡು, ಹತ್ತು ನಿಮಿಷ ವಿವರಿಸುವವರು ಒಬ್ಬರಿದ್ದರೆ ಸಾಕು. ಅದಕ್ಕೆ ಕ್ಯಾನ್ಸರ್ ತಜ್ಞರೇ ಬೇಕಿಲ್ಲ, ತರಬೇತಿ ಪಡೆದ ನರ್ಸ್ ಸಾಕು.

ಮತ್ತೆ, ಕಾಯುವುದಕ್ಕೆ ಖರ್ಚಿದೆ. ಪೆಟ್ ಸ್ಕ್ಯಾನಿಗೆ ಬಳಸುವ ವಿಕಿರಣ ಸಕ್ಕರೆಯ ಶಕ್ತಿ ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಸೈಕ್ಲೊಟ್ರಾನಿನಲ್ಲಿ ತಯಾರಿಸಿ ಗಂಟೆಗಳೊಳಗೆ ರೋಗಿಯ ಮೈಗೆ ಸೇರಿಸಬೇಕು. ಹೀಗಾಗಿ ಈ ಪರೀಕ್ಷೆ ದೊಡ್ಡ ಊರುಗಳ ಸುತ್ತಲೇ ಬೆಳೆಯಿತು. ತೋರಣಗಲ್ಲಿಗೆ ಬಳ್ಳಾರಿಯೂ ಹೊಸಪೇಟೆಯೂ ಮೂವತ್ತು ಕಿಲೋಮೀಟರ್ ಆಸುಪಾಸು. ಊರಲ್ಲೇ ಜಿಂದಾಲ್ ಸಂಜೀವಿನಿ ಆಸ್ಪತ್ರೆ ಇದೆ, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಆದರೂ ಕ್ಯಾನ್ಸರಿನ ದಾರಿ ಬಹಳ ಸಲ ಮುಂದೆ ಸಾಗುತ್ತದೆ: ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ, ಕೆಲವರಿಗೆ ಮುಂಬೈಯ ಟಾಟಾ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರನಿಗೆ ಮುಕ್ಕಾಲು ಪಾಲು. ಆಸ್ಪತ್ರೆಯ ಸರ್ಟಿಫಿಕೇಟ್ ಇದ್ದರೆ ಸಿಗುತ್ತದೆ, ಗೊತ್ತಿಲ್ಲದವರು ಇನ್ನೂ ಪೂರಾ ದುಡ್ಡು ಕೊಟ್ಟು ಹೋಗುತ್ತಾರೆ. ಬಿಪಿಎಲ್ ಕುಟುಂಬಕ್ಕೆ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಯಿದೆ. ಶಸ್ತ್ರಚಿಕಿತ್ಸೆ, ಕೀಮೋ, ಕರೆಂಟ್ ಎಲ್ಲಕ್ಕೂ ಪ್ಯಾಕೇಜು ಗೊತ್ತುಮಾಡಿದ್ದಾರೆ. ಬೆಂಗಳೂರಿನ ಲಾಡ್ಜಿನ ಬಾಡಿಗೆಗೆ, ಜೊತೆಗೆ ಹೋದ ಅಣ್ಣನ ಕಳೆದುಹೋದ ಕೂಲಿಗೆ ಪ್ಯಾಕೇಜು ಇಲ್ಲ.

ತೋರಣಗಲ್ಲಿನಂಥ ಕಾರ್ಖಾನೆ ಊರಿನಲ್ಲಿ ಇದು ಇನ್ನೂ ಚೂಪು. ಗುತ್ತಿಗೆದಾರನ ಕೈಕೆಳಗೆ ದುಡಿಯುವವನ ಸಂಬಳ ತಿಂಗಳಿಗೆ 21 ಸಾವಿರದೊಳಗಿದ್ದರೆ ಇಎಸ್‌ಐ ವ್ಯಾಪ್ತಿಗೆ ಬರುತ್ತಾನೆ. ಕಾಯಿಲೆ ರಜೆಗೆ ವರ್ಷಕ್ಕೆ 91 ದಿನ ಶೇಕಡಾ 70ರಷ್ಟು ಸಂಬಳ. ಕ್ಯಾನ್ಸರ್ ಸೇರಿ 34 ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ಸತತ ಕೆಲಸದಲ್ಲಿದ್ದವರಿಗೆ, ಶೇಕಡಾ 80ರಂತೆ ಎರಡು ವರ್ಷದವರೆಗೆ. ಗುತ್ತಿಗೆದಾರ ಬದಲಾದಾಗ ಹೊಸ ಇಎಸ್‌ಐ ನಂಬರ್ ಮಾಡಿಸಿಕೊಂಡವರು ಇಲ್ಲಿ ಎಡವುತ್ತಾರೆ. ನಂಬರ್ ಜೀವಮಾನಕ್ಕೆ ಒಂದೇ ಇರಬೇಕು, ಹಳೆಯದನ್ನೇ ಮುಂದುವರಿಸಬೇಕು. ಇಷ್ಟೆಲ್ಲ ಇದ್ದೂ, ಅಸ್ಪಷ್ಟ ರಿಪೋರ್ಟು ಕಾನೂನಿನ ಎರಡು ಖಾನೆಗಳ ನಡುವೆ ಬೀಳುತ್ತದೆ. ಕಾಯಿಲೆಯಿದೆ ಎಂದು ಬರೆಯಲು ವೈದ್ಯರ ಬಳಿ ಪುರಾವೆಯಿಲ್ಲ, ಕೆಲಸಕ್ಕೆ ಫಿಟ್ ಎಂದು ಬರೆಯಲು ಧೈರ್ಯವಿಲ್ಲ. ಫಿಟ್‌ನೆಸ್ ಇಲ್ಲದೆ ಗೇಟ್ ಪಾಸ್ ಇಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಎಂದು ಬರೆಯುವ ಕೈ, 'ಅಲ್ಲಿಯವರೆಗೆ ಇಂಥ ಹಗುರ ಕೆಲಸ ಮಾಡಬಹುದು' ಎಂದು ಇನ್ನೊಂದು ಸಾಲು ಬರೆದರೆ ಒಂದು ಮನೆಯ ಒಲೆ ಉರಿಯುತ್ತದೆ. ವೈದ್ಯಶಾಸ್ತ್ರ ಕಾಯುವಿಕೆಯನ್ನು ಬಿಟ್ಟಿ ಎಂದುಕೊಂಡಿದೆ. ನನ್ನ ತಕರಾರು ಇಷ್ಟೇ: ಅದು ಬಿಟ್ಟಿಯಲ್ಲ, ಮತ್ತು ಅದರ ಬಿಲ್ಲು ಯಾವಾಗಲೂ ರೋಗಿಯ ಹೆಸರಿಗೇ ಬರುತ್ತದೆ.

ಮದುವೆಯ ಮಾತು ಬೇರೆಯೇ. ಗುಣವಾಗಿದೆ ಎಂದರೆ ಸಂಬಂಧ ಕುದುರಬಹುದು, ಕಾಯಿಲೆಯಿದೆ ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ. ನಡುವಿನ ಸ್ಥಿತಿಯಲ್ಲಿ ಹುಡುಗಿಯ ಮನೆಯವರಿಗೆ ಏನು ಹೇಳಬೇಕು? ಮುಚ್ಚಿಟ್ಟರೆ ಮೋಸ, ಹೇಳಿದರೆ ಊರಿಗೆಲ್ಲ ಡಂಗುರ. ಮುಂದೆ ಮಕ್ಕಳಾಗಲು ತೊಡಕಾಗದಿರಲೆಂದು, ಕೀಮೋ ಶುರುವಾಗುವ ಮುನ್ನ ವೀರ್ಯ ತೆಗೆದಿಡುವ ವ್ಯವಸ್ಥೆಯ ಬಗ್ಗೆ ಹೇಳಬೇಕೆಂದು ಎಲ್ಲ ಮಾರ್ಗಸೂಚಿಗಳೂ ಹೇಳುತ್ತವೆ. ಇಪ್ಪತ್ತರ ಹುಡುಗನೆದುರು, ಅಪ್ಪ ಪಕ್ಕದಲ್ಲಿ ಕೂತಿರುವಾಗ, ಆ ಮಾತೆತ್ತಲು ನಮ್ಮ ವೈದ್ಯರು ಹಿಂಜರಿಯುತ್ತಾರೆ. ಅಪ್ಪನನ್ನು ಎರಡು ನಿಮಿಷ ಹೊರಗೆ ಕೂರಿಸುವುದರಲ್ಲಿ ಪರಿಹಾರವಿದೆ.

ಅನಿಶ್ಚಯದ ಬಗ್ಗೆ ಯೋಚಿಸಿದವರಿದ್ದಾರೆ. ಅಮೆರಿಕದ ನರ್ಸ್ ಸಂಶೋಧಕಿ ಮೆರ್ಲ್ ಮಿಷೆಲ್ 1981ರಲ್ಲೇ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅನಿಶ್ಚಯ ತನ್ನಷ್ಟಕ್ಕೆ ಕೆಟ್ಟದ್ದೂ ಅಲ್ಲ ಒಳ್ಳೆಯದೂ ಅಲ್ಲ, ಅದನ್ನು ಅಪಾಯವೆಂದು ಓದುತ್ತೇವೋ ಅವಕಾಶವೆಂದು ಓದುತ್ತೇವೋ ಎಂಬುದರ ಮೇಲೆ ಮುಂದಿನದು ನಿಂತಿದೆ ಎಂಬುದು 1988ರ ಅವರ ಸಿದ್ಧಾಂತದ ತಿರುಳು. ಅದೇ 1981ರಲ್ಲಿ ಕೂಚರ್ ಮತ್ತು ಓಮ್ಯಾಲಿ ಎಂಬ ಸಂಶೋಧಕರು, ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರ ಪುಸ್ತಕಕ್ಕೆ ತಲೆಯ ಮೇಲೆ ಕೂದಲೆಳೆಯಲ್ಲಿ ತೂಗುವ ಕತ್ತಿಯ ಗ್ರೀಕ್ ಕಥೆಯ ಡ್ಯಾಮೊಕ್ಲಿಸ್‌ನ ಹೆಸರಿಟ್ಟರು. ನನಗೆ ಹೆಚ್ಚು ಹಿಡಿಸುವುದು ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್. 1982ರ ಜುಲೈಯಲ್ಲಿ ನಲವತ್ತರ ಪ್ರಾಯದಲ್ಲಿ ಅವರಿಗೆ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಗ್ರಂಥಾಲಯಕ್ಕೆ ಹೋಗಿ ಓದಿದರೆ ಸಿಕ್ಕಿದ್ದು 'ಮಧ್ಯಾಂಕ ಎಂಟು ತಿಂಗಳು'. ಅರ್ಧ ಜನ ಎಂಟು ತಿಂಗಳಲ್ಲಿ ಹೋದರೆ ಉಳಿದರ್ಧ ಎಲ್ಲಿಯವರೆಗೆ ಬಾಳುತ್ತಾರೆ ಎಂದು ಅವರು ಕೇಳಿಕೊಂಡರು. ಲೆಕ್ಕದ ನಕ್ಷೆಯಲ್ಲಿ ಆ ಕಡೆಯ ಬಾಲ ಬಹಳ ಉದ್ದವಿತ್ತು. ಇಪ್ಪತ್ತು ವರ್ಷ ಬದುಕಿ 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಲೆಕ್ಕ ಬಲ್ಲವರೆಲ್ಲ ಬದುಕುತ್ತಾರೆಂದಲ್ಲ. ಮಧ್ಯಾಂಕವನ್ನು ತನ್ನ ಹೆಸರಿನ ತೀರ್ಪೆಂದು ಓದಬಾರದೆಂಬುದು ಮಾತ್ರ ಅವರಿಂದ ಕಲಿಯಬಹುದಾದ್ದು. ಕನ್ನಡದಲ್ಲಿ ಬಿ.ವಿ. ಭಾರತಿಯವರ 'ಸಾಸಿವೆ ತಂದವಳು' ಚಿಕಿತ್ಸೆಯ ಒಳಗಿನಿಂದ ಬರೆದ ಬರಹ. ಹುಡುಗರ ಕಡೆಯಿಂದ ಅಂಥದೊಂದು ಬರಬೇಕಿದೆ.

ಕಾಯಲಾರದವರು ಏನಾದರೂ ಮಾಡಲು ಹೊರಡುತ್ತಾರೆ. ಶಿವಮೊಗ್ಗ ಜಿಲ್ಲೆಯ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೆ ಕ್ಯಾನ್ಸರಿಗೆಂದು ತೊಗಟೆಯ ಔಷಧಿ ಪಡೆಯಲು ಊರೂರಿನಿಂದ ಬಂದ ಜನ ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದರು. ಆ ಸಾಲನ್ನು ಮೂಢರ ಸಾಲೆಂದು ತಳ್ಳಿಹಾಕುವುದು ಸುಲಭ. ಅಲ್ಲಿ 'ಕಾಯಿರಿ' ಎನ್ನುತ್ತಿರಲಿಲ್ಲ, ಕೈಗೊಂದು ಪೊಟ್ಟಣ ಸಿಗುತ್ತಿತ್ತು ಎಂಬುದನ್ನು ಆಸ್ಪತ್ರೆಗಳು ಯೋಚಿಸಬೇಕು. ರೋಗಿಗಳು ಯೋಚಿಸಬೇಕಾದ್ದು ಬೇರೆ. ಪರೀಕ್ಷಿಸದ ಗಿಡಮೂಲಿಕೆಗಳಲ್ಲಿ ಕೆಲವು ಯಕೃತ್ತಿಗೆ ಪೆಟ್ಟು ಕೊಡುತ್ತವೆ. ಯಕೃತ್ತು ನೊಂದರೆ ಎಎಫ್‌ಪಿ ಎಂಬ ರಕ್ತಪರೀಕ್ಷೆಯ ಅಂಕಿ ತಾನೇ ಏರಬಹುದು. ವೃಷಣದ ಗಡ್ಡೆ ಮರಳಿತೇ ಎಂದು ನೋಡಲು ವೈದ್ಯರು ನಂಬಿರುವುದು ಅದೇ ಅಂಕಿಯನ್ನು. ಹೀಗೆ ಅನುಮಾನ ನೀಗಲು ಕುಡಿದದ್ದು ಹೊಸ ಅನುಮಾನ ಹುಟ್ಟಿಸುತ್ತದೆ. ಏನು ತಿಂದರೂ ಕುಡಿದರೂ ವೈದ್ಯರಿಗೆ ಹೇಳಿಬಿಡಬೇಕು, ಬೈದರೆ ಬೈಯಲಿ.

ಸುಧಾರಣೆಗಳು ನಡೆಯುತ್ತಿಲ್ಲವೆಂದಲ್ಲ. 2012ರಲ್ಲಿ ಟಾಟಾ ಆಸ್ಪತ್ರೆಯ ಮುಂದಾಳತ್ವದಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನಲ್ಲಿ ಇಂದು ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ದಿನದ ಆರೈಕೆಯ ಕ್ಯಾನ್ಸರ್ ಕೇಂದ್ರ ತೆರೆಯುವ ಮಾತು ಬಂತು. ಕೀಮೋ ಹತ್ತಿರ ಬರುವುದು ಒಳ್ಳೆಯದೇ. ಆದರೆ ಕೀಮೋ ಬಾಟಲಿ ಹೊಸಪೇಟೆಗೆ ಬಂದು, ರಿಪೋರ್ಟಿನ ಅರ್ಥ ಬೆಂಗಳೂರಿನಲ್ಲೇ ಉಳಿದರೆ ಕೆಲಸ ಅರ್ಧ. ಅದೇ ಕೇಂದ್ರದಲ್ಲಿ ವಾರಕ್ಕೊಮ್ಮೆ ವಿಡಿಯೋ ಮೂಲಕ ದೊಡ್ಡ ಆಸ್ಪತ್ರೆಯ ತಜ್ಞರ ಜೊತೆ ಕೂತು ಅನುಮಾನದ ಸ್ಕ್ಯಾನುಗಳನ್ನು ನೋಡಿದರೆ, ಎಷ್ಟೋ ಜನ ರೈಲು ಹತ್ತುವುದು ತಪ್ಪುತ್ತದೆ. ಅಲ್ಲಿಯವರೆಗೆ ರೋಗಿಯ ಕೈಯಲ್ಲಿರುವುದು ಪ್ರಶ್ನೆಗಳು. ಇದು ಕ್ಯಾನ್ಸರ್ ಅಲ್ಲದಿದ್ದರೆ ಇನ್ನೇನಿರಬಹುದು? ಮುಂದಿನ ಪರೀಕ್ಷೆಯಲ್ಲಿ ಏನು ಬಂದರೆ ಚಿಕಿತ್ಸೆ ಬದಲಾಗುತ್ತದೆ, ಏನು ಬಂದರೆ ಬದಲಾಗುವುದಿಲ್ಲ? ಕಾಯುವುದರಿಂದ ನಷ್ಟವೇನು? ಮಧ್ಯೆ ಯಾವ ಲಕ್ಷಣ ಕಂಡರೆ ಅದೇ ದಿನ ಬರಬೇಕು? ಮುಂದಿನ ತಾರೀಖು ಯಾವುದು? ಇದರಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ. ಏನು ಬಂದರೂ ಏನೂ ಬದಲಾಗುವುದಿಲ್ಲ ಎಂದಾದರೆ, ಆ ಪರೀಕ್ಷೆ ಬೇಕೇ ಎಂದು ಕೇಳುವ ಹಕ್ಕೂ ಅವನಿಗಿದೆ.

ವಿಚಿತ್ರವೆಂದರೆ ಮುಂದೆ ಪರೀಕ್ಷೆ ನಿಂತಾಗಲೂ ಕಳವಳ ನಿಲ್ಲುವುದಿಲ್ಲ. ಹಾಡ್ಜ್‌ಕಿನ್ ಲಿಂಫೋಮಾ ಪೂರ್ತಿ ಹಿಂದೆ ಸರಿದವರಿಗೆ ಲಕ್ಷಣವಿಲ್ಲದೆ ಮೇಲಿಂದ ಮೇಲೆ ಸ್ಕ್ಯಾನ್ ಮಾಡಬಾರದೆಂದು 2014ರಿಂದ ತಜ್ಞರೇ ಹೇಳುತ್ತಿದ್ದಾರೆ. ಸುಳ್ಳು ಹೊಳಪುಗಳು, ವಿಕಿರಣ, ದುಡ್ಡು ಎಲ್ಲ ಸೇರಿ ಲಾಭಕ್ಕಿಂತ ನಷ್ಟ ಹೆಚ್ಚು. ವರ್ಷಗಟ್ಟಲೆ ರಿಪೋರ್ಟಿಗೆ ಹೆದರಿದವನೇ ಈಗ 'ಒಂದ್ಸಲ ನೋಡಿಬಿಡಿ ಸಾರ್' ಎಂದು ಗೋಗರೆಯುತ್ತಾನೆ. ವೈದ್ಯರು ಕೈಯಿಂದ ಕತ್ತು, ಕಂಕುಳು ಮುಟ್ಟಿ ನೋಡಿ, ತೂಕ ಬರೆದುಕೊಂಡು, ಹೃದಯದ ಎಕೋ ಯಾವಾಗ ಮಾಡಿಸಬೇಕೆಂದು ಹೇಳಿ ಕಳಿಸುತ್ತಾರೆ. ಕತ್ತಿಗೆ ಕರೆಂಟ್ ಕೊಡಿಸಿದ್ದವರು ವರ್ಷಕ್ಕೊಮ್ಮೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಬೇಕು. ಅದನ್ನು ಹೊಸಪೇಟೆಯ ಲ್ಯಾಬಿನಲ್ಲೇ ಮಾಡಿಸಬಹುದು, ಬೆಂಗಳೂರಿಗೆ ಹೋಗುವ ಅಗತ್ಯವಿಲ್ಲ.